ಹೊರಬಾರದ ಫೈಲು: ಕನ್ನಡ ಬರಹವನ್ನು ಪಿಡಿಎಫ್ ಮಾಡುವಾಗ ಎದುರಾಗುವ ತೊಂದರೆಗಳು ಮತ್ತು ಪರಿಹಾರ

ನಾನು ಕಂಪ್ಯೂಟರ್ ವಿಜ್ಞಾನ ಓದಿದವನಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು, ಮೂರು ದಶಕಕ್ಕೂ ಹೆಚ್ಚು ಕಾಲ ರೋಗಿಗಳನ್ನು ನೋಡಿ ಈಗ ನಿವೃತ್ತನಾಗಿದ್ದೇನೆ. ಸಾಫ್ಟ್‌ವೇರ್ ಬಲ್ಲವರೇ ತುಂಬಿರುವ ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಇಂಥ ವಿಷಯದ ಬಗ್ಗೆ ನಾನು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ಅನಿಸಬಹುದು. ಆದರೆ ಕಳೆದ ಎರಡು ವರ್ಷಗಳಲ್ಲಿ ನಾನು ಪಟ್ಟ ಪಾಡು, ಕಲಿತ ಪಾಠ, ಇಬ್ಬರಿಗಾದರೂ ಉಪಯೋಗಕ್ಕೆ ಬಂದರೆ ಈ ಬರಹ ಸಾರ್ಥಕ ಎಂದುಕೊಂಡಿದ್ದೇನೆ.

ನನ್ನ ಅಣ್ಣ ಅರಸೀಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ. ನಿವೃತ್ತನಾದ ಮೇಲೆ ನಮ್ಮೂರಿನ ಕಥೆ ಬರೆಯಲು ಕುಳಿತ. ಕೆರೆ, ತೆಂಗಿನ ತೋಟಗಳು, ಜಾತ್ರೆ, ನಮ್ಮ ಮನೆತನ, ಅಮ್ಮನ ಕೊನೆಯ ಕಾಯಿಲೆ, ಎಲ್ಲವೂ ಅದರಲ್ಲಿತ್ತು. ಶಾಲೆಯ ಕಚೇರಿ ಕೆಲಸಕ್ಕೆಂದು ಕಲಿತಿದ್ದ ನುಡಿ ತಂತ್ರಾಂಶದಲ್ಲೇ ಒಂದೊಂದು ಬೆರಳಿನಲ್ಲಿ ಕುಟ್ಟಿ 212 ಪುಟ ಬರೆದ. ದಿನವೂ ಸಂಜೆ ಬರೆದದ್ದನ್ನು ಅತ್ತಿಗೆಗೆ ಓದಿ ಹೇಳುತ್ತಿದ್ದ. ಪುಸ್ತಕವಾಗಿ ನೋಡುವ ಮೊದಲೇ ಹೃದಯಾಘಾತದಿಂದ ಹೋಗಿಬಿಟ್ಟ. ವರ್ಷಾಬ್ದಿಕದ ಹೊತ್ತಿಗೆ ಪುಸ್ತಕ ಮಾಡಿಸೋಣ ಎಂದು ಅತ್ತಿಗೆಗೆ ನಾನು ಮಾತು ಕೊಟ್ಟೆ. ಅಣ್ಣನ ಮಗ ಫೈಲು ಕಳಿಸಿದ. ನಾನು ಇಲ್ಲಿ ತೆರೆದು ನೋಡಿದರೆ ಒಂದಕ್ಷರ ಕನ್ನಡವಿಲ್ಲ. ಪರದೆಯ ತುಂಬ ಪೌಂಡಿನ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ಎ, ಜರ್ಮನ್ ಅಕ್ಷರಗಳು.

ಅಲ್ಲಿಂದ ಶುರುವಾದದ್ದು ಹತ್ತು ತಿಂಗಳ ಕೆಲಸ. ಅದರಲ್ಲಿ ತಿಳಿದದ್ದನ್ನು ಮುಂದೆ ಕ್ರಮವಾಗಿ ಹೇಳುತ್ತೇನೆ.

ಮೊದಲು ಪೀಡೆ ಯಾವುದೆಂದು ಗುರುತಿಸಿ

ರೋಗಿ ಬಂದು ಹೊಟ್ಟೆನೋವು ಎಂದರೆ ನಾವು ತಕ್ಷಣ ಮಾತ್ರೆ ಬರೆಯುವುದಿಲ್ಲ. ಎಲ್ಲಿ, ಯಾವಾಗಿನಿಂದ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುತ್ತೇವೆ. ಫೈಲು ಎಕ್ಸ್‌ಪೋರ್ಟ್ ಆಗುತ್ತಿಲ್ಲ ಎಂಬ ದೂರೂ ಹೊಟ್ಟೆನೋವಿನಂಥದ್ದೇ. ಅದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ.

ಒಂದು, ಫೈಲು ಹೊರಗೆ ಬರುವುದೇ ಇಲ್ಲ. ಸೇವ್ ಒತ್ತಿದರೆ ತಪ್ಪಿನ ಸಂದೇಶ ಬರುತ್ತದೆ, ಅಥವಾ ಪ್ರೋಗ್ರಾಂ ಅರ್ಧಕ್ಕೇ ನಿಂತುಬಿಡುತ್ತದೆ. ಎರಡು, ಫೈಲು ಬರುತ್ತದೆ, ಆದರೆ ಒಳಗಿನ ಅಕ್ಷರ ಕೆಟ್ಟಿರುತ್ತದೆ. ಮೂರು, ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವುದು ಪ್ರೆಸ್ಸಿನವರ ಕಂಪ್ಯೂಟರಿನಲ್ಲೋ ಮಗಳ ಫೋನಿನಲ್ಲೋ ಕೆಟ್ಟು ಕಾಣುತ್ತದೆ. ಈ ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ.

ಯಾವುದಕ್ಕೇ ಕೈ ಹಾಕುವ ಮೊದಲು ಮೂಲ ಫೈಲಿನ ಒಂದು ಪ್ರತಿ ಮಾಡಿ, ಮೂಲವನ್ನು ಬೇರೆ ಕಡೆ ಎತ್ತಿಡಿ. ಪ್ರಯೋಗವೆಲ್ಲ ಪ್ರತಿಯ ಮೇಲೆ ನಡೆಯಲಿ. ಗಾಬರಿಯಲ್ಲಿ ಮೂಲದ ಮೇಲೇ ಸೇವ್ ಒತ್ತಿ ಕೆಟ್ಟದ್ದನ್ನು ಶಾಶ್ವತ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ.

ಕನ್ನಡ ಒಳಗೆ ಹೇಗೆ ಕುಳಿತಿರುತ್ತದೆ?

ಮುಂದಿನದು ಅರ್ಥವಾಗಬೇಕಾದರೆ ಸ್ವಲ್ಪ ಅಂಗರಚನೆ ತಿಳಿಯಬೇಕು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಇಂಥ ಸಂಖ್ಯೆಗೆ ಇಂಥ ಅಕ್ಷರ ಎಂಬ ಒಪ್ಪಂದ ಇರಬೇಕು. ಹಳೆಯ ಆಸ್ಕಿ ಒಪ್ಪಂದದಲ್ಲಿ ಇದ್ದದ್ದು 128 ಜಾಗ, ಅದೂ ಇಂಗ್ಲಿಷಿಗೆ. ಆಮೇಲೆ ಅದನ್ನು 256ಕ್ಕೆ ಹಿಗ್ಗಿಸಿ ಯುರೋಪಿನ ಭಾಷೆಗಳ ಗೆರೆ, ಚುಕ್ಕೆಯ ಅಕ್ಷರಗಳನ್ನು ಸೇರಿಸಿದರು. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಆ ಕಾಲದಲ್ಲಿ ನಮ್ಮವರು ಒಂದು ಜಾಣತನ ಮಾಡಿದರು. ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿ ಫಾಂಟು ಮಾಡಿದರು. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟುಗಳು, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹದ ಹಳೆಯ ಫಾಂಟುಗಳು, ಪ್ರೆಸ್ಸುಗಳಲ್ಲಿ ಬಳಕೆಯಲ್ಲಿದ್ದ ಶ್ರೀಲಿಪಿಯ ಫಾಂಟುಗಳು, ಎಲ್ಲವೂ ಈ ಉಪಾಯದವೇ. ನುಡಿಯಲ್ಲಿ ‘ಕನ್ನಡ’ ಎಂದು ಹೊಡೆದರೆ ಫೈಲಿನೊಳಗೆ ನಿಜವಾಗಿ ಕುಳಿತಿರುವುದು ಏನು ಗೊತ್ತೇ? ಇಂಗ್ಲಿಷಿನ ದೊಡ್ಡ ಪಿ, ಗೆರೆ ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತೆ ಗೆರೆಯ ಎ, ಜರ್ಮನ್ನಿನ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೆರೆಯ ಎ. ನುಡಿ ಫಾಂಟು ಆ ಏಳು ಚಿಹ್ನೆಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತದೆ. ಅಣ್ಣನ ಫೈಲು ತೆರೆದಾಗ ನಾನು ಕಂಡದ್ದು ಅದನ್ನೇ.

ಆ ದಿನಗಳಲ್ಲಿ ಬೇರೆ ದಾರಿ ಇರಲಿಲ್ಲ, ಆ ಉಪಾಯದಿಂದಲೇ ಕನ್ನಡ ಕಂಪ್ಯೂಟರಿಗೆ ಬಂತು. ಹಾಗಾಗಿ ಅವರನ್ನು ಹಳಿಯುವಂತಿಲ್ಲ. ಯುನಿಕೋಡ್ ಎಂಬ ಜಾಗತಿಕ ಒಪ್ಪಂದದಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗ ಮೀಸಲಾಯಿತು. ಆದರೆ ಅದು ನಮ್ಮ ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣಿಸಲು ಹತ್ತು ವರ್ಷವೇ ಹಿಡಿಯಿತು. ಯುನಿಕೋಡಿನಲ್ಲಿ ‘ಕ’ ಎಂದರೆ ಕವೇ, ಯಾವ ಫಾಂಟಿನಲ್ಲಿದ್ದರೂ, ಯಾವ ದೇಶದಲ್ಲಿದ್ದರೂ. ಇಂದಿನ ನುಡಿ, ಬರಹಗಳಲ್ಲೂ ಯುನಿಕೋಡ್ ಇದೆ. ಫೋನಿನಲ್ಲಿ ನಾವು ವಾಟ್ಸ್ಆ್ಯಪ್ ಮಾಡುವುದೆಲ್ಲ ಯುನಿಕೋಡೇ.

ಮೂರು ಲಕ್ಷಣ, ಮೂರು ಅರ್ಥ

ಕೆಟ್ಟು ಕಾಣುವ ಕನ್ನಡದಲ್ಲಿ ಮೂರು ಬಗೆ. ಇವನ್ನು ಬೇರೆ ಮಾಡಿ ನೋಡುವುದನ್ನು ಕಲಿತರೆ ಅರ್ಧ ಆತಂಕ ಇಳಿಯುತ್ತದೆ.

ಮೊದಲನೆಯದು ಕಲಸುಮೇಲೋಗರ. ಪೌಂಡು, ಗೆರೆಯ ಎ, ಚುಕ್ಕೆಯ ಯು ಇವೆಲ್ಲ ಕಂಡರೆ ಹೆಚ್ಚಾಗಿ ಅದು ಹಳೆಯ ಫಾಂಟಿನ ಬರಹ, ಫಾಂಟು ಮಾತ್ರ ಇಲ್ಲ. ಬರಹ ಕ್ಷೇಮವಾಗಿದೆ. ಆ ಫಾಂಟು ಹಾಕಿಕೊಂಡರೆ ಮತ್ತೆ ಕನ್ನಡವಾಗುತ್ತದೆ.

ಎರಡನೆಯದು ಸಾಲುಸಾಲು ಖಾಲಿ ಡಬ್ಬಿ. ಬರಹ ಯುನಿಕೋಡಿನಲ್ಲಿದೆ, ಆದರೆ ಈ ಕಂಪ್ಯೂಟರಿನಲ್ಲಿ ಅಥವಾ ಆರಿಸಿದ ಫಾಂಟಿನಲ್ಲಿ ಕನ್ನಡದ ಆಕಾರಗಳಿಲ್ಲ. ಇಲ್ಲೂ ಬರಹ ಕ್ಷೇಮ. ಬರಹವನ್ನು ಆರಿಸಿ ವಿಂಡೋಸಿನ ನಿರ್ಮಲಾ ಅಥವಾ ತುಂಗಾ, ಮ್ಯಾಕಿನ ಕನ್ನಡ ಸಂಗಮ್, ಇಲ್ಲವೇ ಉಚಿತವಾಗಿ ಸಿಗುವ ನೋಟೋ ಸೆರಿಫ್ ಕನ್ನಡ ಫಾಂಟು ಕೊಟ್ಟು ನೋಡಿ.

ಮೂರನೆಯದು ಪ್ರಶ್ನಾರ್ಥಕ ಚಿಹ್ನೆ. ಅಕ್ಷರ ಇರಬೇಕಾದ ಕಡೆ ಬರೀ ಪ್ರಶ್ನಾರ್ಥಕ ಕಂಡರೆ ಎದೆ ಧಸಕ್ ಎನ್ನಬೇಕಾದ್ದೇ. ಹೆಚ್ಚು ಅಕ್ಷರ ಗೊತ್ತಿರುವ ಕಡೆಯಿಂದ ಕಡಿಮೆ ಅಕ್ಷರ ಗೊತ್ತಿರುವ ಕಡೆಗೆ ಬರಹ ಹೋದಾಗ, ಗುರುತು ಸಿಗದ ಪ್ರತಿಯೊಂದರ ಜಾಗದಲ್ಲೂ ಯಂತ್ರ ಒಂದು ಪ್ರಶ್ನಾರ್ಥಕ ಹಾಕುತ್ತದೆ. ಹಾಗೆಯೇ ಉಳಿಸಿದರೆ ಮೂಲ ಸಂಖ್ಯೆ ಅಳಿಸಿಹೋಗುತ್ತದೆ. ಯಾವ ಫಾಂಟೂ ಅದನ್ನು ಮರಳಿ ತರಲಾರದು. ಕಪ್ಪು ವಜ್ರಾಕಾರದೊಳಗೆ ಬಿಳಿ ಪ್ರಶ್ನಾರ್ಥಕ ಕಂಡರೆ ಅದು ಬೇರೆ: ಪ್ರೋಗ್ರಾಂ ಫೈಲನ್ನು ತಪ್ಪು ಒಪ್ಪಂದದಲ್ಲಿ ಓದುತ್ತಿದೆ ಎಂದರ್ಥ. ಆಗ ಸೇವ್ ಮಾಡದೆ ಮುಚ್ಚಿ, ಬೇರೆ ಎನ್‌ಕೋಡಿಂಗ್ ಆರಿಸಿ ಮತ್ತೆ ತೆರೆದರೆ ಉಳಿಯುವ ಸಾಧ್ಯತೆ ಇದೆ.

ಹೊರಗೆ ಬರುವುದೇ ಇಲ್ಲ ಎಂದಾಗ

ಈಗ ಮೊದಲ ಬಗೆಯ ತೊಂದರೆಗೆ ಬರೋಣ. ವರ್ಡ್ ಇರಲಿ, ಲಿಬ್ರೆ ಆಫೀಸ್ ಇರಲಿ, ಸ್ಕ್ರಿವ್‌ನರ್ ಇರಲಿ, ಭಾಷೆ ಕನ್ನಡವೋ ಇಂಗ್ಲಿಷೋ, ಪರೀಕ್ಷೆಯ ಕ್ರಮ ಒಂದೇ.

ಹೊಸ ಖಾಲಿ ಪುಟ ತೆರೆದು ಒಂದು ಸಾಲು ಬರೆದು ಪಿಡಿಎಫ್ ಮಾಡಿ. ಅದು ಹೊರಬಂದರೆ ಪ್ರೋಗ್ರಾಂ ಆರೋಗ್ಯವಾಗಿದೆ, ದೋಷ ನಿಮ್ಮ ಫೈಲಿನಲ್ಲಿ ಅಥವಾ ಅದನ್ನು ಉಳಿಸುತ್ತಿರುವ ಜಾಗದಲ್ಲಿದೆ. ಅದೂ ಬರದಿದ್ದರೆ ದೋಷ ಪ್ರೋಗ್ರಾಮಿನದ್ದು. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಾಕಿ, ಅಪ್‌ಡೇಟ್ ಮಾಡಿ, ಬೇಕಾದರೆ ಮರುಸ್ಥಾಪಿಸಿ. ಎರಡು ನಿಮಿಷದ ಈ ಪರೀಕ್ಷೆ ಎಷ್ಟೋ ಗಂಟೆಗಳನ್ನು ಉಳಿಸುತ್ತದೆ.

ಆಮೇಲೆ ಜಾಗ ನೋಡಿ. ಹಿಂದೆ ಮಾಡಿದ ಅದೇ ಹೆಸರಿನ ಪಿಡಿಎಫ್ ಬೇರೊಂದು ಕಿಟಕಿಯಲ್ಲಿ ತೆರೆದಿದ್ದರೆ ವಿಂಡೋಸ್ ಅದರ ಮೇಲೆ ಬರೆಯಲು ಬಿಡದಿರಬಹುದು. ಇದು ಬಹಳ ಸಾಮಾನ್ಯವಾದ ಕಾರಣ. ಅದನ್ನು ಮುಚ್ಚಿ. ಹೆಸರಿನಲ್ಲಿ ಓರೆಗೆರೆ, ವಿವರಣ ಚಿಹ್ನೆ, ಪ್ರಶ್ನಾರ್ಥಕ, ನಕ್ಷತ್ರ, ಉದ್ಧರಣ ಚಿಹ್ನೆ ಇದ್ದರೆ ವಿಂಡೋಸ್ ಒಪ್ಪುವುದಿಲ್ಲ. ದಿನಾಂಕವನ್ನು ಓರೆಗೆರೆ ಹಾಕಿ ಹೆಸರಿನಲ್ಲಿ ಬರೆಯುವವರು ಇಲ್ಲೇ ಎಡವುತ್ತಾರೆ. ಫೋಲ್ಡರಿನೊಳಗೆ ಫೋಲ್ಡರು ಸೇರಿಸಿ ವಿಳಾಸ 260 ಅಕ್ಷರ ದಾಟಿದರೂ ವಿಂಡೋಸಿನ ಎಷ್ಟೋ ಪ್ರೋಗ್ರಾಮುಗಳು ತಕರಾರು ಮಾಡುತ್ತವೆ. ಕ್ಲೌಡಿಗೆ ಸಿಂಕ್ ಆಗುತ್ತಿರುವ ಫೋಲ್ಡರಾದರೆ ಆ ಹೊತ್ತಿಗೆ ಫೈಲು ಬೀಗ ಹಾಕಿಕೊಂಡಿರಬಹುದು. ಇವೆಲ್ಲಕ್ಕೂ ಒಂದೇ ಮದ್ದು: ಡೆಸ್ಕ್‌ಟಾಪ್ ಮೇಲೆ ‘ಟೆಸ್ಟ್1’ ಎಂಬಂಥ ಚಿಕ್ಕ ಇಂಗ್ಲಿಷ್ ಹೆಸರು ಕೊಟ್ಟು ಉಳಿಸಿ. ಬಂದರೆ ಕಾರಣ ಸಿಕ್ಕಿತು.

ಅದಕ್ಕೂ ಬಗ್ಗದಿದ್ದರೆ ಫೈಲಿನೊಳಗೆ ಯಾವುದೋ ಒಂದು ಪುಟದಲ್ಲಿ ಗಾಯವಿದೆ. ಅಣ್ಣನ ಪುಸ್ತಕಕ್ಕೆ ಆದದ್ದು ಇದೇ. 212 ಪುಟದಲ್ಲಿ ಹುಡುಕುವುದು ಹೇಗೆ? ಒಂದೊಂದೇ ಪುಟ ನೋಡಬೇಕಾಗಿಲ್ಲ. ವಿಂಡೋಸಿನ ವರ್ಡ್‌ನಲ್ಲಿ ಪಿಡಿಎಫ್ ಉಳಿಸುವಾಗ ಆಪ್ಷನ್ಸ್ ಒತ್ತಿದರೆ ಯಾವ ಪುಟದಿಂದ ಯಾವ ಪುಟದವರೆಗೆ ಎಂದು ಹೇಳಬಹುದು. 1ರಿಂದ 106 ಕೊಟ್ಟೆ, ಬಂತು. ಅಂದರೆ ಗಾಯ ಎರಡನೆಯ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿದೆ. 106, 53, 27, 14, 7, 4, 2, 1 ಎಂದು ಎಂಟೇ ಬಾರಿಗೆ ಪುಟ ಸಿಕ್ಕಿತು. ಜಾತ್ರೆಯ ತೇರಿನ ಒಂದು ಹಳೆಯ ಫೋಟೋ, ಸ್ಕ್ಯಾನ್ ಮಾಡುವಾಗಲೋ ಅಂಟಿಸುವಾಗಲೋ ಕೆಟ್ಟಿತ್ತು. ಅದನ್ನು ತೆಗೆದೊಡನೆ ಇಡೀ ಪುಸ್ತಕ ಸರಾಗವಾಗಿ ಹೊರಬಂತು.

ಆದರೆ ಆ ಫೋಟೋ ಬೇಕಿತ್ತು. ಅದರಲ್ಲಿ ನಮ್ಮಪ್ಪ ಇದ್ದರು. ಇಲ್ಲಿ ಒಂದು ಗುಟ್ಟು ಹೇಳುತ್ತೇನೆ. ಡಾಕ್ಸ್ ಎಂದು ಕೊನೆಯಾಗುವ ವರ್ಡ್ ಫೈಲು ನಿಜವಾಗಿ ಒಂದು ಜಿಪ್ ಗಂಟು. ಇ-ಪುಸ್ತಕದ ಇ-ಪಬ್ ಫೈಲೂ ಅಷ್ಟೇ. ಪ್ರತಿಯೊಂದನ್ನು ಮಾಡಿಕೊಂಡು ಅದರ ಹೆಸರಿನ ಕೊನೆಯ ಡಾಕ್ಸ್ ಅಳಿಸಿ ಜಿಪ್ ಎಂದು ಬದಲಿಸಿ ತೆರೆಯಿರಿ. ಕೊನೆಯ ಆ ಭಾಗ ಕಾಣದಿದ್ದರೆ ವಿಂಡೋಸಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದನ್ನು ಆರಿಸಬೇಕು. ಗಂಟಿನೊಳಗೆ ವರ್ಡ್ ಎಂಬ ಫೋಲ್ಡರು, ಅದರೊಳಗೆ ಮೀಡಿಯಾ ಎಂಬ ಫೋಲ್ಡರು. ಚಿತ್ರಗಳೆಲ್ಲ ಅಲ್ಲಿ ಸಾಲಾಗಿ ಸಿಗುತ್ತವೆ. ಬರಹವೆಲ್ಲ ಡಾಕ್ಯುಮೆಂಟ್ ಎಂಬ ಫೈಲಿನಲ್ಲಿರುತ್ತದೆ. ವರ್ಡ್ ತೆರೆಯಲು ನಿರಾಕರಿಸಿದ ಫೈಲಿನಿಂದಲೂ ಹೀಗೆ ಎಷ್ಟೋ ಸಲ ಬರಹ ಉಳಿಸಬಹುದು. ನಾನು ತೇರಿನ ಫೋಟೋವನ್ನು ಅಲ್ಲಿಂದ ಎತ್ತಿ, ಬೇರೊಂದು ಚಿತ್ರದ ಪ್ರೋಗ್ರಾಮಿನಲ್ಲಿ ತೆರೆದು, ಹೊಸ ಜೆಪೆಗ್ ಆಗಿ ಉಳಿಸಿ ಮತ್ತೆ ಅದರ ಜಾಗದಲ್ಲಿಟ್ಟೆ. ಅಪ್ಪ ಉಳಿದರು.

ಇಷ್ಟಾದರೂ ಆಗದಿದ್ದರೆ ದಾರಿ ಬದಲಿಸಿ. ಸೇವ್ ಆ್ಯಸ್ ಬದಲು ಪ್ರಿಂಟ್ ಮೆನುವಿನಿಂದ ಪ್ರಿಂಟ್ ಟು ಪಿಡಿಎಫ್ ಆರಿಸಿ. ಇಲ್ಲವೇ ಅದೇ ಫೈಲನ್ನು ಲಿಬ್ರೆ ಆಫೀಸಿನಲ್ಲಿ ತೆರೆದು ಅಲ್ಲಿಂದ ಎಕ್ಸ್‌ಪೋರ್ಟ್ ಮಾಡಿ. ಒಂದು ಬಾಗಿಲು ಮುಚ್ಚಿದ್ದರೂ ಹಿತ್ತಿಲ ಬಾಗಿಲು ತೆರೆದಿರಬಹುದು.

ಹಳೆಯ ನುಡಿ, ಬರಹದಿಂದ ಯುನಿಕೋಡಿಗೆ

ನುಡಿ ಫಾಂಟು ಹಾಕಿಕೊಂಡೆ, ಅಣ್ಣನ ಬರಹ ಕನ್ನಡವಾಗಿ ಕಂಡಿತು. ಅದನ್ನು ಹಾಗೆಯೇ ಪಿಡಿಎಫ್ ಮಾಡಿ ಅಚ್ಚು ಹಾಕಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಚ್ಚಿಗೆ ಸಾಕಿತ್ತು. ಆದರೆ ಆ ಪಿಡಿಎಫ್‌ನಲ್ಲಿ ‘ಕೆರೆ’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ, ಏಕೆಂದರೆ ಒಳಗಿರುವುದು ಕೆರೆಯಲ್ಲ, ಪಿ ಮತ್ತು ಜಿ. ಫೋನಿನಲ್ಲಿ ಇ-ಪುಸ್ತಕವಾಗಿ ಓದಲು ಹೋದರೆ ಮತ್ತೆ ಕಲಸುಮೇಲೋಗರ. ಕಣ್ಣು ಮಂಜಾದ ಹಿರಿಯರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅರ್ಥವಾಗುವುದಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಆ ಫಾಂಟು ಎಲ್ಲಿ ಸಿಗುತ್ತದೋ ಯಾರು ಬಲ್ಲರು? ಮೊಮ್ಮಕ್ಕಳವರೆಗೆ ಉಳಿಯಬೇಕಾದರೆ ಯುನಿಕೋಡಿಗೆ ಬರಲೇಬೇಕು.

ಪರಿವರ್ತಕಗಳು ನುಡಿ, ಬರಹಗಳಲ್ಲೇ ಇವೆ. ಉಚಿತವಾಗಿ ಸಿಗುವ ಬೇರೆಯವೂ ಇವೆ. ಅವು ಮಾಡುವ ಕೆಲಸ ತೋರುವಷ್ಟು ಸುಲಭವಲ್ಲ. ‘ಧರ್ಮ’ ಎಂಬ ಪದವನ್ನೇ ನೋಡಿ. ನಾವು ಬರೆಯುವಾಗ ಧ, ಮ, ಆಮೇಲೆ ಅರ್ಕಾವತ್ತು. ಹಳೆಯ ಫಾಂಟಿನಲ್ಲೂ ಅದೇ ಕ್ರಮ, ಕಣ್ಣಿಗೆ ಕಾಣುವ ಕ್ರಮ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ಧ, ರ್, ಮ. ಪರಿವರ್ತಕ ಪ್ರತಿ ಅರ್ಕಾವತ್ತನ್ನೂ ಹಿಂದಕ್ಕೆ ಸರಿಸಬೇಕು. ಒತ್ತಕ್ಷರದ ಮೇಲೆ ಒತ್ತಕ್ಷರ ಬಂದರೆ ಕೆಲವು ಪರಿವರ್ತಕಗಳು ಮುಗ್ಗರಿಸುತ್ತವೆ.

ನಾನು ಎಡವಿ ಕಲಿತ ಮೂರು ಎಚ್ಚರಿಕೆಗಳು ಹೀಗಿವೆ.

ಒಂದು, ಇಂಗ್ಲಿಷ್ ಪದಗಳು. ಬರಹವನ್ನು ಬರಿದೇ ನಕಲು ಮಾಡಿ ಪರಿವರ್ತಕದ ಡಬ್ಬಿಗೆ ಅಂಟಿಸಿದರೆ ಯಾವುದು ನುಡಿ ಫಾಂಟಿನದು, ಯಾವುದು ನಿಜವಾದ ಇಂಗ್ಲಿಷ್ ಎಂಬ ಗುರುತು ಹೋಗುತ್ತದೆ. ಇಂಗ್ಲಿಷನ್ನೂ ಅದು ಕನ್ನಡ ಮಾಡಿಬಿಡುತ್ತದೆ. ಅಮ್ಮನ ಕಾಯಿಲೆಯ ಅಧ್ಯಾಯದಲ್ಲಿ ಅಣ್ಣ ಔಷಧಿಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದ. ಅವೆಲ್ಲ ಯಾವ ಅರ್ಥವೂ ಇಲ್ಲದ ಕನ್ನಡ ಅಕ್ಷರಗಳ ರಾಶಿಯಾದವು. ಆ ಔಷಧಿಗಳನ್ನು ಬರೆದುಕೊಟ್ಟವರ ಜೊತೆ ಆಗ ಇಲ್ಲಿಂದಲೇ ಫೋನಿನಲ್ಲಿ ಮಾತಾಡಿದ್ದವನು ನಾನು, ಹಾಗಾಗಿ ಪತ್ತೆ ಹಚ್ಚಿದೆ. ಫೈಲನ್ನೇ ಫಾಂಟಿನ ಸಮೇತ ಓದಬಲ್ಲ ಪರಿವರ್ತಕ ಬಳಸಿ. ಇಲ್ಲದಿದ್ದರೆ ಇಂಗ್ಲಿಷ್ ಪದಗಳನ್ನು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಿ.

ಎರಡು, ವರ್ಡ್‌ನ ಅತಿ ಉಪಕಾರ. ವಾಕ್ಯದ ಮೊದಲಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಅಭ್ಯಾಸ ಅದಕ್ಕಿದೆ. ಇಂಗ್ಲಿಷಿಗೆ ಒಳ್ಳೆಯದು. ಆದರೆ ನುಡಿಯಲ್ಲಿ ಸಣ್ಣ ಕ್ಯೂ ‘ಡ’ಕಾರದ್ದು, ದೊಡ್ಡ ಕ್ಯೂ ‘ಕಿ’. ‘ಡಬ್ಬಿ’ ಎಂದು ಶುರುವಾಗುವ ವಾಕ್ಯ ‘ಕಿ’ಯಿಂದ ಶುರುವಾಗಿಬಿಡುತ್ತದೆ. ಹಳೆಯ ಫಾಂಟಿನ ಫೈಲು ತಿದ್ದುವ ಮೊದಲು ಆಟೋ ಕರೆಕ್ಟ್ ಪೂರ್ತಿ ನಿಲ್ಲಿಸಿ.

ಮೂರು, ಪದಗಳ ನಡುವಿನ ಕಾಣದ ಬೇಲಿ. ‘ರಾಜ್‌ಕುಮಾರ್’ ಎಂದು ಬರೆಯಲು ಯುನಿಕೋಡಿನಲ್ಲಿ ಜ್ ಮತ್ತು ಕು ಮಧ್ಯೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದು ಬಿದ್ದುಹೋದರೆ ‘ರಾಜ್ಕುಮಾರ್’ ಆಗಿ ಕ ಕೆಳಗೆ ಒತ್ತಾಗಿ ಇಳಿಯುತ್ತದೆ. ಕೆಲವು ಪರಿವರ್ತಕಗಳೂ, ಕೆಲವು ಎಕ್ಸ್‌ಪೋರ್ಟ್ ದಾರಿಗಳೂ ಈ ಚಿಹ್ನೆಯನ್ನು ಕಸವೆಂದು ತಿಳಿದು ಗುಡಿಸಿಬಿಡುತ್ತವೆ. ಹೆಸರುಗಳಿರುವ ಪುಟವನ್ನು ಎರಡು ಸಲ ನೋಡಿ.

ಈ ಎಲ್ಲಕ್ಕೂ ರಕ್ಷೆ ಒಂದೇ. ಮೊದಲು ಹಳೆಯ ಫಾಂಟಿನಲ್ಲೇ ಒಂದು ಪಿಡಿಎಫ್ ಮಾಡಿ ಕಾಗದದ ಮೇಲೆ ಇಳಿಸಿಕೊಳ್ಳಿ. ಅದು ನಿಮ್ಮ ಸಾಕ್ಷಿ. ಪರಿವರ್ತನೆಯಾದದ್ದನ್ನು ಅದರ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ. ನನ್ನ ಹೆಂಡತಿ ಗಟ್ಟಿಯಾಗಿ ಓದಿದಳು, ನಾನು ಪರದೆಯ ಮೇಲೆ ತಿದ್ದಿದೆ. ಒಂದು ಇಡೀ ಚಳಿಗಾಲ ಹಿಡಿಯಿತು.

ಇಲ್ಲಿ ಚೆನ್ನ, ಅಲ್ಲಿ ಕೆಟ್ಟ

ಮೂರನೆಯ ಬಗೆಯ ತೊಂದರೆಗೆ ಮುಖ್ಯ ಕಾರಣ, ಫಾಂಟು ಪಿಡಿಎಫ್ ಜೊತೆಗೆ ಪ್ರಯಾಣ ಮಾಡದಿರುವುದು. ಪಿಡಿಎಫ್ ತೆರೆದು, ಅಡೋಬಿಯ ರೀಡರ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿ, ಫಾಂಟ್ಸ್ ಎಂಬಲ್ಲಿ ನೋಡಿ. ಪ್ರತಿ ಫಾಂಟಿನ ಹೆಸರಿನ ಮುಂದೆ ಎಂಬೆಡೆಡ್ ಅಥವಾ ಎಂಬೆಡೆಡ್ ಸಬ್‌ಸೆಟ್ ಎಂದಿರಬೇಕು. ಇಲ್ಲದಿದ್ದರೆ ಆ ಪಿಡಿಎಫ್ ಬೇರೆ ಕಡೆ ಬೇರೆಯದೇ ಫಾಂಟಿನಲ್ಲಿ ತೆರೆದುಕೊಳ್ಳಬಹುದು. ವರ್ಡ್‌ನಲ್ಲಿ ಪಿಡಿಎಫ್ ಉಳಿಸುವಾಗ ಆಪ್ಷನ್ಸ್‌ನಲ್ಲಿ ಪಿಡಿಎಫ್-ಎ ಎಂಬುದನ್ನು ಆರಿಸಿದರೆ ಫಾಂಟು ಒಳಗೇ ಸೇರುತ್ತದೆ. ದೀರ್ಘಕಾಲ ಕಾಪಿಡಲೆಂದೇ ಮಾಡಿದ ಬಗೆ ಅದು. ವರ್ಡ್ ಫೈಲನ್ನೇ ಕಳಿಸುವುದಾದರೆ ಫೈಲ್, ಆಪ್ಷನ್ಸ್, ಸೇವ್ ಎಂದು ಹೋಗಿ ಫಾಂಟನ್ನು ಫೈಲಿನೊಳಗೆ ಸೇರಿಸುವಂತೆ ಹೇಳಬಹುದು. ಕೆಲವು ಫಾಂಟುಗಳು ಪರವಾನಗಿಯ ಕಾರಣಕ್ಕೆ ಒಳಸೇರಲು ಒಪ್ಪುವುದಿಲ್ಲ. ಆಗ ಮುಕ್ತ ಪರವಾನಗಿಯ ನೋಟೋ ಫಾಂಟಿಗೆ ಬದಲಿಸುವುದೇ ಒಳ್ಳೆಯದು.

ಪ್ರೆಸ್ಸಿನವರು ಇನ್‌ಡಿಸೈನ್ ಬಳಸಿದರೆ ಒಂದು ಮಾತು ಕೇಳಿ: ವರ್ಲ್ಡ್ ರೆಡಿ ಕಂಪೋಸರ್ ಆರಿಸಿದ್ದೀರಾ? ಅದಿಲ್ಲದೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಇನ್ನೂ ಪೇಜ್‌ಮೇಕರ್ ಬಳಸುವವರಾದರೆ ಅದಕ್ಕೆ ಯುನಿಕೋಡ್ ತಿಳಿಯದು. ಅವರು ನಿಮ್ಮ ಬರಹವನ್ನು ಮತ್ತೆ ಹಳೆಯ ಫಾಂಟಿಗೆ ಇಳಿಸುತ್ತಾರೆ, ಆ ಇಳಿಕೆಯಲ್ಲಿ ಹೊಸ ತಪ್ಪು ಹುಟ್ಟುತ್ತದೆ. ಕೊನೆಯ ಕರಡು ನೋಡದೆ ಅಚ್ಚಿಗೆ ಒಪ್ಪಿಗೆ ಕೊಡಬೇಡಿ.

ಪಿಡಿಎಫ್‌ನಿಂದ ಕನ್ನಡ ನಕಲು ಮಾಡಿದಾಗ ಅಕ್ಷರ ಹಿಂದುಮುಂದಾಗುವುದನ್ನು ನೀವು ಕಂಡಿರಬಹುದು. ಪಿಡಿಎಫ್ ಮುಖ್ಯವಾಗಿ ಕಾಪಾಡುವುದು ಪುಟದ ಮೇಲೆ ಯಾವ ಆಕಾರ ಎಲ್ಲಿದೆ ಎಂಬುದನ್ನು. ಅದು ಎಕ್ಸ್‌ರೇ ಇದ್ದಂತೆ. ಎಕ್ಸ್‌ರೇಯಿಂದ ರೋಗಿಯನ್ನು ಮರಳಿ ಕಟ್ಟಲಾಗುವುದಿಲ್ಲ. ಆದ್ದರಿಂದ ಪಿಡಿಎಫ್ ಇದೆಯಲ್ಲ ಎಂದು ಮೂಲ ಫೈಲನ್ನು ಅಳಿಸಬೇಡಿ.

ಮರಳಿ ಬಾರದ ಅಧ್ಯಾಯ

ಇನ್ನು ನನ್ನನ್ನು ಬಹಳ ಕಾಡಿದ ಭಾಗ. ಪುಸ್ತಕದ ಕೊನೆಯ ಅಧ್ಯಾಯ, ಊರ ಕೆರೆಯ ಕುರಿತು ಎರಡೂವರೆ ಪುಟ, ಆ ದೊಡ್ಡ ಫೈಲಿನಲ್ಲಿ ಇರಲಿಲ್ಲ. ತೀರಿಕೊಳ್ಳುವ ಒಂದು ವಾರದ ಮುಂಚೆ ಅಣ್ಣ ಅದನ್ನು ಫೈಲಾಗಿ ಲಗತ್ತಿಸದೆ, ಇ-ಮೇಲಿನ ಒಳಗೇ ಅಂಟಿಸಿ ನನಗೆ ಕಳಿಸಿದ್ದ. ಆಗ ನಾನು ಸರಿಯಾಗಿ ನೋಡಲೂ ಇಲ್ಲ, ಆಮೇಲೆ ಓದೋಣ ಎಂದುಕೊಂಡೆ. ಅವನ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಅಷ್ಟರಲ್ಲಿ ಕೈಕೊಟ್ಟಿತ್ತು. ಇ-ಮೇಲ್ ತೆರೆದರೆ ಪುಟದ ತುಂಬ ಪ್ರಶ್ನಾರ್ಥಕಗಳು, ನಡುನಡುವೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಅಕ್ಷರ.

ದಾರಿಯಲ್ಲೆಲ್ಲೋ ಆ ಬರಹ 128 ಚಿಹ್ನೆಗಳಷ್ಟೇ ಗೊತ್ತಿರುವ ಕಡೆ ಹಾದುಬಂದಿತ್ತು. ನುಡಿಯಲ್ಲಿ ಕ, ಗ, ಚ, ಜ, ಡ, ತ, ದ, ರ ಇವುಗಳ ಮೂಲಭಾಗ ಸಾಮಾನ್ಯ ಇಂಗ್ಲಿಷ್ ಅಕ್ಷರದ ಜಾಗದಲ್ಲಿವೆ, ಅವು ಉಳಿದಿದ್ದವು. ನ, ಪ, ಬ, ಲ, ವ, ಸ, ಹ ಮುಂತಾದವು 128ರ ಆಚೆಗಿವೆ, ಅವೆಲ್ಲ ಪ್ರಶ್ನಾರ್ಥಕ. ತಲೆಕಟ್ಟು, ದೀರ್ಘ, ಕೊಂಬು ಕೂಡ ಹೋಗಿದ್ದವು. ಪಿ, ಪ್ರಶ್ನೆ, ಜಿ, ಪ್ರಶ್ನೆ ಎಂದಿದ್ದರೆ ಅದು ಕೆರೆಯೂ ಆಗಬಹುದು, ಕರವೂ ಆಗಬಹುದು, ಕಾರವೂ ಆಗಬಹುದು. ತಿಳಿದವರನ್ನೆಲ್ಲ ಕೇಳಿದೆ. ಹೋದದ್ದು ಹೋಯಿತು ಎಂದರು. ಅವರು ಹೇಳಿದ್ದು ಸರಿಯಾಗಿತ್ತು.

ಅತ್ತಿಗೆಗೆ ಫೋನು ಮಾಡಿ ವಿಷಯ ತಿಳಿಸಿದೆ. ಒಂದು ಕ್ಷಣ ಸುಮ್ಮನಿದ್ದು, “ಅದನ್ನ ನಂಗೆ ಎರಡು ಸಲ ಓದಿದ್ರು ಕಣಪ್ಪ. ನೀನು ಇರೋದನ್ನ ಹೇಳ್ತಾ ಹೋಗು, ನೋಡೋಣ” ಎಂದರು.

ಹಾಗೆ ಶುರುವಾಯಿತು. ನಮ್ಮ ರಾತ್ರಿ, ಅವರ ಬೆಳಗ್ಗೆ. ನಾನು “ಮೊದಲು ಕ, ಆಮೇಲೆ ರ, ನಡುವೆ ಏನೋ ಇದೆ, ಅತ್ತಿಗೆ” ಎನ್ನುವುದು, ಅವರು ಯೋಚಿಸಿ ವಾಕ್ಯ ಹೇಳುವುದು, ನಾನು ಪ್ರಶ್ನಾರ್ಥಕಗಳನ್ನು ಎಣಿಸಿ ಕೂಡುತ್ತದೆಯೇ ಎಂದು ನೋಡುವುದು. ಎಷ್ಟೋ ಸಲ ಅವರು ಹೇಳಿದ ಮಾತು ಎಣಿಕೆಗೆ ಸರಿಯಾಗಿ ಕೂತಾಗ ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲ. ಐದು ವಾರದಲ್ಲಿ ಹೆಚ್ಚುಕಡಿಮೆ ಇಡೀ ಅಧ್ಯಾಯ ಮರಳಿ ಬಂತು. ಮೂರು ಸಾಲು ಮಾತ್ರ ಬರಲಿಲ್ಲ. “ನಾವೇ ಏನಾದ್ರೂ ಸೇರಿಸೋದು ಬೇಡ” ಎಂದರು ಅತ್ತಿಗೆ. ಪುಸ್ತಕದಲ್ಲಿ ಆ ಮೂರು ಸಾಲಿನ ಜಾಗದಲ್ಲಿ ಚುಕ್ಕೆಗಳಿವೆ.

ವರ್ಷಾಬ್ದಿಕದ ದಿನ ಪುಸ್ತಕವನ್ನು ಅವನ ಫೋಟೋದ ಮುಂದೆ ಇಟ್ಟೆವು.

ನಮ್ಮ ಸದಸ್ಯರಲ್ಲಿ ಒಂದು ಕೋರಿಕೆ

ನಮ್ಮಲ್ಲಿ ಬಹಳ ಮನೆಗಳಲ್ಲಿ ಹಳೆಯ ನುಡಿ, ಬರಹದ ಫೈಲುಗಳು ಸಿ.ಡಿ.ಗಳಲ್ಲಿ, ಕೆಟ್ಟ ಲ್ಯಾಪ್‌ಟಾಪುಗಳಲ್ಲಿ ಮಲಗಿವೆ. ಸಂಘದ ಮೊದಲ ವರ್ಷಗಳ ನಾಟಕ, ಅಪ್ಪ ಅಮ್ಮ ಇಲ್ಲಿಗೆ ಬಂದಾಗ ಬರೆದ ಪ್ರವಾಸ ಕಥನ, ಅಜ್ಜಿ ಹೇಳಿ ಮಗಳು ಹೊಡೆದ ಹಾಡುಗಳು. ಅವು ಈಗಲೂ ತೆರೆಯುತ್ತವೆ. ಇನ್ನೆಷ್ಟು ದಿನವೋ ಹೇಳಲಾಗದು.

ಆದ್ದರಿಂದ ಈ ವರ್ಷ ನಾಲ್ಕು ಕೆಲಸ ಮಾಡಿ. ಹಳೆಯ ಫೈಲುಗಳನ್ನು ಹುಡುಕಿ, ಯಾವ ಫಾಂಟಿನಲ್ಲಿವೆ ಎಂದು ಬರೆದಿಟ್ಟು, ಆ ಫಾಂಟನ್ನೂ ಜೊತೆಗೇ ಉಳಿಸಿ. ಹಳೆಯ ಫಾಂಟಿನಲ್ಲೇ ಒಂದು ಪಿಡಿಎಫ್ ಸಾಕ್ಷಿ ಪ್ರತಿ ಮಾಡಿ. ಯುನಿಕೋಡಿಗೆ ಪರಿವರ್ತಿಸಿ, ಹೋಲಿಸಿ ತಿದ್ದಿ, ಎರಡು ಬೇರೆ ಜಾಗದಲ್ಲಿ ಇಡಿ. ಇನ್ನು ಮುಂದೆ ಬರೆಯುವುದೆಲ್ಲ ಯುನಿಕೋಡಿನಲ್ಲೇ ಇರಲಿ, ಕಳಿಸುವಾಗ ಇ-ಮೇಲಿನ ಒಳಗೆ ಅಂಟಿಸದೆ ಫೈಲಾಗಿ ಲಗತ್ತಿಸಿ. ಸ್ಮರಣ ಸಂಚಿಕೆಗೆ ಲೇಖನ ಕಳಿಸುವವರು ವರ್ಡ್ ಫೈಲು ಮತ್ತು ಅದರ ಪಿಡಿಎಫ್ ಎರಡನ್ನೂ ಕಳಿಸಿದರೆ ಸಂಪಾದಕರು ಒಂದನ್ನು ನೋಡಿ ಇನ್ನೊಂದನ್ನು ತಿದ್ದಬಹುದು.

ಸಹಾಯ ಬೇಕಾದವರು ಸಂಘದ ಕಾರ್ಯಕ್ರಮಗಳಲ್ಲಿ ನನ್ನನ್ನು ಹಿಡಿದು ಕೇಳಿ. ಲ್ಯಾಪ್‌ಟಾಪ್ ತನ್ನಿ, ಕಾಫಿ ಕುಡಿಯುತ್ತಾ ನೋಡೋಣ. ನಿವೃತ್ತ ವೈದ್ಯನಿಗೆ ಹೊಸ ರೋಗಿಗಳು ಸಿಕ್ಕರೆ ಬೇಸರವೇನೂ ಇಲ್ಲ. ಯಾರಾದರೂ ನಿಮಗೆ ಕನ್ನಡದಲ್ಲಿ ಏನಾದರೂ ಕಳಿಸಿದರೆ, ಆಮೇಲೆ ಓದೋಣ ಎಂದು ಇಟ್ಟುಬಿಡಬೇಡಿ. ಅಂದೇ ತೆರೆದು ನೋಡಿ. ಅಕ್ಷರ ಕೆಟ್ಟಿದ್ದರೆ ಮತ್ತೆ ಕಳಿಸು ಎಂದು ಹೇಳಲು ಅವರು ಇನ್ನೂ ಇರುತ್ತಾರೆ.